ನಲವತ್ತಾರು ಜನರ ವ್ಯತ್ಯಾಸ

ಅಮೆರಿಕದ ಅಯೋವಾ ರಾಜ್ಯದ ಈಶಾನ್ಯ ಮೂಲೆಯಲ್ಲಿ ಪೋಸ್ಟ್‌ವಿಲ್ ಎಂಬ ಪುಟ್ಟ ಊರಿದೆ. 2000ದ ಜನಗಣತಿಯಲ್ಲಿ ಅಲ್ಲಿದ್ದವರು 2,273 ಮಂದಿ. 2010ರ ಗಣತಿಯಲ್ಲಿ 2,227. ಹತ್ತು ವರ್ಷದಲ್ಲಿ ನಲವತ್ತಾರು ಜನ ಕಡಿಮೆ. ಊರಿನ ಪರಿಚಯವಿಲ್ಲದವರು ಈ ಎರಡು ಅಂಕಿ ನೋಡಿದರೆ, ಪಾಪ, ಇಲ್ಲೇನೂ ನಡೆದೇ ಇಲ್ಲ ಅಂದುಕೊಂಡು ಪುಟ ತಿರುಗಿಸುತ್ತಾರೆ. ಒಂದಿಷ್ಟು ಮುದುಕರು ತೀರಿಕೊಂಡಿರಬೇಕು, ಓದಲು ಹೋದ ಒಂದಿಷ್ಟು ಹುಡುಗರು ವಾಪಸು ಬಂದಿರಲಿಕ್ಕಿಲ್ಲ, ಅಷ್ಟೆ.

ಆ ಎರಡು ಅಂಕಿಗಳ ನಡುವೆ ಏನಾಯಿತೆಂಬುದು ಗೊತ್ತಾದ ಮೇಲೆ ನನಗೆ ಯಾವ ಊರಿನ ಅಂಕಿಪಟ್ಟಿಯನ್ನೂ ಮೊದಲಿನ ಹಾಗೆ ನೋಡಲಾಗುತ್ತಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ಇದೇ ರಾಜ್ಯದ ಸೀಡರ್ ರ‍್ಯಾಪಿಡ್ಸ್‌ನಲ್ಲಿ. ಅಲ್ಲಿಂದ ಪೋಸ್ಟ್‌ವಿಲ್‌ಗೆ ಕಾರಿನಲ್ಲಿ ಎರಡು ಗಂಟೆಗೆ ಹತ್ತಿರದ ದಾರಿ. ಅಯೋವಾ ಎಂದರೆ ಚಪ್ಪಟೆ ನೆಲ, ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ ಎಂದು ಎಲ್ಲರೂ ಹೇಳುವುದುಂಟು. ಈ ಮೂಲೆಯಲ್ಲಿ ಮಾತ್ರ ಅದು ನಿಜವಲ್ಲ. ಹಿಮಯುಗದ ಕೊನೆಯ ಹಿಮನದಿಗಳು ಇಲ್ಲಿಯ ನೆಲವನ್ನು ಉಜ್ಜಿ ಸಮ ಮಾಡಲಿಲ್ಲವಂತೆ. ಹಾಗಾಗಿ ಗುಡ್ಡ, ಕಣಿವೆ, ಸುಣ್ಣಕಲ್ಲಿನ ಬಂಡೆ, ತಣ್ಣನೆ ತೊರೆ ಎಲ್ಲ ಉಳಿದುಕೊಂಡಿವೆ. ಅಮ್ಮ ಎರಡನೇ ಸಲ ನಮ್ಮಲ್ಲಿಗೆ ಬಂದಿದ್ದಾಗ ಈ ದಾರಿಯಲ್ಲಿ ಕರೆದುಕೊಂಡು ಹೋಗಿದ್ದೆ. ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟದ ಮನೆಯಲ್ಲಿ ಅರವತ್ತು ವರ್ಷ ಕಳೆದ ಅವಳಿಗೆ ಚಪ್ಪಟೆ ನೆಲ ನೋಡಿ ನೋಡಿ ಜೀವ ಬೇಸತ್ತಿತ್ತು. ಏರು ಇಳಿತ ಶುರುವಾಗುತ್ತಲೇ ಸೀಟಿನಲ್ಲಿ ನೆಟ್ಟಗೆ ಕೂತಳು.

ನಾವು ಹೊರಟಿದ್ದು ಮಿಸಿಸಿಪ್ಪಿ ದಡದಲ್ಲಿರುವ ಎಫಿಜಿ ಮೌಂಡ್ಸ್ ನೋಡಲಿಕ್ಕೆ. ಇಲ್ಲಿಯ ಮೂಲನಿವಾಸಿಗಳು ಕಟ್ಟಿದ ಮಣ್ಣಿನ ದಿಬ್ಬಗಳು ಅಲ್ಲಿ ಇನ್ನೂರಕ್ಕೂ ಹೆಚ್ಚು ಇವೆ, ಅವುಗಳಲ್ಲಿ ಕೆಲವು ಕರಡಿ, ಹಕ್ಕಿಗಳ ಆಕಾರದವು. ಪೋಸ್ಟ್‌ವಿಲ್ ದಾರಿಯಲ್ಲಿ ಸಿಗುವ ಊರು. ಕಾಫಿ ಕುಡಿಯೋಣವೆಂದು ಲಾಲರ್ ಸ್ಟ್ರೀಟ್‌ನಲ್ಲಿ ಕಾರು ನಿಲ್ಲಿಸಿದೆ. ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ ಇರಬೇಕು.

ಅದು ನಮ್ಮ ಕೊಪ್ಪದ ಪೇಟೆಬೀದಿಗಿಂತ ಚಿಕ್ಕ ಬೀದಿ. ಎರಡಂತಸ್ತಿನ ಇಟ್ಟಿಗೆ ಕಟ್ಟಡಗಳು, ದೂರದಲ್ಲಿ ಧಾನ್ಯದ ಎತ್ತರದ ಕಣಜ, ಚರ್ಚಿನ ಗೋಪುರ. ಇಂಥ ಊರುಗಳು ಅಯೋವಾದಲ್ಲಿ ನೂರಾರು. ಆದರೆ ಆ ಬೀದಿಯಲ್ಲಿ ನಡೆಯುತ್ತಿದ್ದವರನ್ನು ಅಮ್ಮ ಬಾಯಿ ತೆರೆದುಕೊಂಡು ನೋಡಿದಳು. ಕರಿಯ ಕೋಟು, ಅಗಲ ಅಂಚಿನ ಕರಿಯ ಟೋಪಿಯ ಗಡ್ಡದವನೊಬ್ಬ ಎರಡು ಗಂಡುಮಕ್ಕಳ ಕೈಹಿಡಿದು ಬೀಸುಹೆಜ್ಜೆ ಹಾಕುತ್ತಿದ್ದ. ಮಕ್ಕಳ ಅಂಗಿಯ ಕೆಳಗೆ ಬಿಳಿ ದಾರದ ಕುಚ್ಚು ತೂಗುತ್ತಿತ್ತು. ಉದ್ದ ಹಿಜಾಬಿನ ಸೊಮಾಲಿ ಹೆಂಗಸೊಬ್ಬಳು ಎದುರಿನಿಂದ ಬಂದಳು. ಕಿರಾಣಿ ಅಂಗಡಿಯ ಬಾಗಿಲಲ್ಲಿ ಸ್ಪ್ಯಾನಿಷ್ ಬೋರ್ಡು, ಊರಿಗೆ ದುಡ್ಡು ಕಳಿಸುವ ಕೌಂಟರು, ಒಳಗೆ ನಮ್ಮವರ ಹಾಗೇ ಕುಳ್ಳಗೆ, ನಮ್ಮವರ ಹಾಗೇ ಎಣ್ಣೆಗಪ್ಪಿನ ಹೆಂಗಸು. ಪಕ್ಕದಲ್ಲಿ ಪಿಕಪ್ ನಿಲ್ಲಿಸಿ ಇಳಿದವನು ಬೀಜದ ಕಂಪನಿಯ ಟೋಪಿ ಹಾಕಿದ್ದ ಕೆಂಪು ಮೋರೆಯ ರೈತ.

"ಇವರೆಲ್ಲ ಯಾವ ಜನ ಮಾರಾಯ್ತಿ?" ಎಂದಳು ಅಮ್ಮ.

ಈ "ಯಾವ ಜನ" ಎಂಬ ಮಾತು ನಮ್ಮಲ್ಲಿ ಎಷ್ಟು ಸಲೀಸು, ಎಷ್ಟು ಭಾರದ್ದು ಎಂದು ಕನ್ನಡಿಗರಿಗೆ ನಾನು ಹೇಳಬೇಕಿಲ್ಲ. ಹೊಸಬರು ಮನೆಗೆ ಬಂದರೆ ಊರು ಕೇಳಿ, ಅಪ್ಪನ ಹೆಸರು ಕೇಳಿ, ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತೇವೆ. ಅಮೆರಿಕದವರು ರೇಸ್ ಅನ್ನುವುದಕ್ಕೆ ನಾವು ಬಳಸುವ "ಜನಾಂಗ" ಎಂಬ ಶಬ್ದವೂ ಹಾಗೆಯೇ. "ಹಿಂದುಳಿದ ಜನಾಂಗ" ಎಂದರೆ ನಮ್ಮಲ್ಲಿ ಯಾರೂ ಮೈಬಣ್ಣದ ಬಗ್ಗೆ ಯೋಚಿಸುವುದಿಲ್ಲ. ಅಮ್ಮನಿಗೆ ಬೇಕಾಗಿದ್ದ ಉತ್ತರ ಬಿಳಿಯರು ಇಷ್ಟು, ಕರಿಯರು ಇಷ್ಟು ಎಂಬುದಲ್ಲ. ಇವರು ಏನು ತಿನ್ನುತ್ತಾರೆ, ಯಾರ ಮನೆಯಲ್ಲಿ ತಿನ್ನುವುದಿಲ್ಲ, ಯಾವ ದೇವರು, ಯಾವ ಮಾತು, ಇಷ್ಟು ದೂರ ಯಾಕೆ ಬಂದರು. ಆ ಸಂಜೆ ಅವಳಿಗೆ ವಿವರಿಸಲು ಹೊರಟಾಗಲೇ, ಅಮೆರಿಕದ ಗಣತಿಯ ಕಾಲಂಗಳು ಈ ಊರಿನ ಬಗ್ಗೆ ಎಷ್ಟು ಕಡಿಮೆ ಹೇಳುತ್ತವೆ ಎಂದು ನನಗೂ ಹೊಳೆದದ್ದು.

ಬಿಳಿಯರು ಎಂಬ ಕಾಲಂನಿಂದಲೇ ತೊಡಗುತ್ತೇನೆ.

ಪೋಸ್ಟ್‌ವಿಲ್ ನೂರೈವತ್ತು ವರ್ಷ ಜರ್ಮನ್, ನಾರ್ವೇಜಿಯನ್, ಐರಿಷ್ ಮೂಲದ ರೈತರ ಊರಾಗಿತ್ತು. ಲೂಥರನ್ ಚರ್ಚು, ಕ್ಯಾಥೊಲಿಕ್ ಚರ್ಚು, ಹೈಸ್ಕೂಲಿನ ಫುಟ್‌ಬಾಲು. 1980ರ ದಶಕ ಇಲ್ಲಿಯ ರೈತರನ್ನು ಹಿಂಡಿಹಾಕಿತು. ಸಾಲದ ಬಡ್ಡಿ ಏರಿತು, ಜಮೀನಿನ ಬೆಲೆ ಬಿತ್ತು, ಬ್ಯಾಂಕಿನವರು ಹೊಲ ಹರಾಜು ಹಾಕಿದರು. ಊರಿನ ಮಾಂಸದ ಕಾರ್ಖಾನೆ ಮುಚ್ಚಿ ಹಾಳುಬಿದ್ದಿತ್ತು. 1987ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾಂಸದ ವ್ಯಾಪಾರ ಮಾಡುತ್ತಿದ್ದ ಆರನ್ ರುಬಾಷ್ಕಿನ್ ಅದನ್ನು ಕೊಂಡು, ಕೋಶರ್, ಅಂದರೆ ಯಹೂದಿ ಆಹಾರನಿಯಮಕ್ಕೆ ಒಪ್ಪುವ, ಕಸಾಯಿಖಾನೆಯಾಗಿ ತೆರೆದರು. ಅಗ್ರಿಪ್ರೊಸೆಸರ್ಸ್ ಎಂದು ಹೆಸರು. ಯಹೂದಿ ಶಾಸ್ತ್ರದ ಪ್ರಕಾರ ಪ್ರಾಣಿಯನ್ನು ಕೊಯ್ಯಲು ಅದರಲ್ಲೇ ಪಳಗಿದ ಶೋಖೆಟ್ ಬೇಕು, ಮೇಲ್ವಿಚಾರಣೆಗೆ ರಬ್ಬಿಗಳೆಂಬ ಧರ್ಮಗುರುಗಳು ಬೇಕು. ಹಾಗೆ ಲುಬಾವಿಚ್ ಪಂಥದ, ಕಟ್ಟುನಿಟ್ಟಿನ ಸಂಪ್ರದಾಯದ ಹಸಿದಿಕ್ ಯಹೂದಿಗಳು ಸಂಸಾರ ಸಮೇತ ಬಂದರು. ಅವರ ಜೊತೆ ಸಿನಗಾಗ್ ಎಂಬ ಪ್ರಾರ್ಥನಾ ಮಂದಿರ ಬಂತು, ಮಕ್ಕಳಿಗೆ ಬೇರೆ ಶಾಲೆ ಬಂತು, ಮನೆಮಾತಾಗಿ ಯಿಡ್ಡಿಷ್ ಬಂತು. ಮುಂದೆ ಅದು ದೇಶದ ಅತಿ ದೊಡ್ಡ ಕೋಶರ್ ಕಸಾಯಿಖಾನೆಯಾಯಿತು.

ಮೊದಲ ಹತ್ತು ವರ್ಷ ಆ ಊರಿನಲ್ಲಿ ಅತಿ ದೊಡ್ಡ ಬಿರುಕು ಇದ್ದದ್ದು ಈ ಹಸಿದಿಕ್ ಯಹೂದಿಗಳಿಗೂ ಆ ಲೂಥರನ್ ರೈತರಿಗೂ ನಡುವೆ. ಗಣತಿಯ ಪಟ್ಟಿಯಲ್ಲಿ ಆ ಬಿರುಕಿನ ಕೂದಲೆಳೆಯಷ್ಟು ಗುರುತೂ ಸಿಗುವುದಿಲ್ಲ. ಇಬ್ಬರೂ ಬಿಳಿಯರು. ಒಂದೇ ಕಾಲಂ.

ರೈತರ ದೂರು ಏನಿತ್ತು? ಇವರು ಬೀದಿಯಲ್ಲಿ ಎದುರಾದರೆ ನಗುವುದಿಲ್ಲ. ಅಂಗಡಿಯಲ್ಲಿ ಚೌಕಾಸಿ ಮಾಡುತ್ತಾರೆ. ಅಂಗಳದ ಹುಲ್ಲು ಕತ್ತರಿಸುವುದಿಲ್ಲ. ಹೆಂಗಸರು ಕೈಕುಲುಕಲು ಬಂದರೆ ಗಂಡಸರು ಕೈ ಹಿಂದೆ ಸರಿಸುತ್ತಾರೆ. ಎಲ್ಲಕ್ಕಿಂತ ನೋವಿನದು: ನಮ್ಮ ಮನೆಗೆ ಊಟಕ್ಕೆ ಕರೆದರೆ ಬರುವುದಿಲ್ಲ. ಅಯೋವಾದ ಹಳ್ಳಿಯಲ್ಲಿ ಹೊಸಬರು ಬಂದರೆ ನೆರೆಯವರು ಏನಾದರೊಂದು ಬೇಯಿಸಿ, ಪಾತ್ರೆಯ ಸಮೇತ ಹಿಡಿದುಕೊಂಡು ಹೋಗಿ ಬಾಗಿಲು ಬಡಿಯುತ್ತಾರೆ. ನಮಗೂ ಹಾಗೆ ಬಂದಿತ್ತು. ಆ ಪಾತ್ರೆಯನ್ನು ಮುಟ್ಟಲಾರದವರು ನೆರೆಯವರಾಗಿ ಬಂದರೆ ಏನು ಮಾಡುವುದು?

ಅಮ್ಮನಿಗೆ ಇದನ್ನು ನಾನು ವಿವರಿಸಬೇಕಾಗಲೇ ಇಲ್ಲ. ಕೋಶರ್ ಸಾಮಾನಿನ ಅಂಗಡಿಗೆ ಹೋಗಿದ್ದೆವು. ಇಲ್ಲಿರುವ ನಮ್ಮಂಥ ಸಸ್ಯಾಹಾರಿಗಳು ಬಿಸ್ಕತ್ತಿನ ಪೊಟ್ಟಣದ ಮೇಲೆ ವೃತ್ತದೊಳಗಿನ ಯು ಅಕ್ಷರ ಹುಡುಕುವುದುಂಟು, ಅದು ಕೋಶರ್ ಗುರುತು. ಅದರ ಪಕ್ಕದಲ್ಲಿ "ಪಾರೆವ್" ಎಂದಿದ್ದರೆ ಮಾಂಸವೂ ಇಲ್ಲ, ಹಾಲೂ ಇಲ್ಲ ಎಂದರ್ಥ. ಮೊಟ್ಟೆ ಇರಬಹುದು, ಅದನ್ನು ಬೇರೆ ಓದಿ ನೋಡಿಕೊಳ್ಳಬೇಕು. ಅಮ್ಮ ಅದೇನೆಂದು ಕೇಳಿದಾಗ ಗಲ್ಲಾದಲ್ಲಿದ್ದ ಹೆಂಗಸು ನಿಧಾನವಾಗಿ, ಕೈಸನ್ನೆಯ ಸಮೇತ ಹೇಳಿದಳು: ಮಾಂಸದ ಪಾತ್ರೆ ಬೇರೆ, ಹಾಲಿನ ಪಾತ್ರೆ ಬೇರೆ, ತೊಳೆಯುವ ತೊಟ್ಟಿಯೂ ಸಾಧ್ಯವಾದರೆ ಬೇರೆ, ಮಾಂಸ ಉಂಡ ಮೇಲೆ ಇಷ್ಟು ಹೊತ್ತು ಹಾಲು ಮುಟ್ಟುವಂತಿಲ್ಲ. ನಾನು ಅರ್ಧ ಕನ್ನಡಕ್ಕೆ ತರುವಷ್ಟರಲ್ಲಿ ಅಮ್ಮ ಕೈಯಾಡಿಸಿದಳು. "ಗೊತ್ತಾಯ್ತು ಬಿಡು. ಮುಸುರೆ." ಆಮೇಲೆ ಆ ಹೆಂಗಸಿನ ಕಡೆ ತಿರುಗಿ ಕನ್ನಡದಲ್ಲೇ, "ನಮ್ಮತ್ತೆ ನಿಮಗಿಂತ ಜೋರಿದ್ದರು" ಎಂದಳು.

ಸಂಜೆ ಹೊತ್ತಿಗೆ ಆ ಅಂಗಡಿ ಬಾಗಿಲು ಹಾಕಿತು. ಸೂರ್ಯ ಮುಳುಗುವ ಮೊದಲು, ಯಹೂದಿಗಳ ವಾರದ ವಿಶ್ರಾಂತಿದಿನವಾದ ಸಬ್ಬತ್‌ನ ದೀಪ ಹಚ್ಚಬೇಕು.

ಕಾರಿನಲ್ಲಿ ಅಮ್ಮ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ನಮ್ಮ ಮನೆಯ ತೋಟದ ಕೆಲಸಕ್ಕೆ ಬರುತ್ತಿದ್ದ ಹೆಂಗಸಿನ ಮಾತೆತ್ತಿದಳು. ಅವಳ ಕಾಫಿಯ ಲೋಟ ಜಗುಲಿಯ ಮಾಡಿನ ಸಂದಿಯಲ್ಲಿ ಇರುತ್ತಿತ್ತು. ಅವಳೇ ತೆಗೆದು, ಅವಳೇ ತೊಳೆದು, ಅಂಗಳದ ಅಂಚಿನಲ್ಲಿ ಹಿಡಿದು ನಿಲ್ಲುತ್ತಿದ್ದಳು. ಅಮ್ಮ ತಾಗದ ಹಾಗೆ ಚೊಂಬನ್ನು ಎತ್ತರಿಸಿ ಹೊಯ್ಯುತ್ತಿದ್ದಳು. ನನಗೂ ಆ ಲೋಟ ನೆನಪಿದೆ. ಅಂಚಿನಲ್ಲಿ ನೆಗ್ಗಿದ ಅಲ್ಯೂಮಿನಿಯಂ ಲೋಟ, ಬೋರಲು ಹಾಕಿದ್ದು, ಮೇಲೆ ಜೇಡನ ಬಲೆ. "ಅವಳು ಒಂದು ದಿನವೂ ಏನೂ ಅನ್ನಲಿಲ್ಲ. ಅನ್ನಿಸದೆ ಇರ್ತಿತ್ತಾ?" ಎಂದಳು ಅಮ್ಮ.

ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಹಸಿದಿಕ್ ಯಹೂದಿಗಳು ತಮ್ಮ ನಿಯಮವನ್ನು ತಮ್ಮ ಮೇಲೆ ಹೇರಿಕೊಂಡವರು. ಯುರೋಪಿನಲ್ಲಿ ಕೊಲ್ಲಲ್ಪಟ್ಟು, ಅಟ್ಟಲ್ಪಟ್ಟು ಉಳಿದುಬಂದ ಜನ. ನಮ್ಮ ಮನೆಯ ಲೋಟ ಇನ್ನೊಬ್ಬರ ಬದುಕಿನ ಮೇಲೆ ಹೇರಿದ್ದು. ಆದರೆ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತ ಆ ರೈತರ ಮನೆಯ ಹೆಂಗಸಿಗೆ ಏನನ್ನಿಸಿರಬಹುದು ಎಂಬುದು, ಆ ಸಂಜೆ, ಚೊಂಬು ಎತ್ತರಿಸಿ ಹೊಯ್ದ ಕೈಗೇ ಗೊತ್ತಾಯಿತು. ಗಣತಿಯ ಯಾವ ಪಟ್ಟಿಯೂ ಅಮ್ಮನಿಗೆ ಇದನ್ನು ಹೇಳಿಕೊಡುತ್ತಿರಲಿಲ್ಲ.

ಈ "ಬಿಳಿಯರು" ಎಂಬುದು ಕೂಡ ಮೊದಲಿನಿಂದ ಒಂದೇ ಮುದ್ದೆಯಾಗಿ ಇದ್ದದ್ದಲ್ಲ. 1918ರ ಮೇ ತಿಂಗಳಲ್ಲಿ, ಮೊದಲನೇ ಮಹಾಯುದ್ಧದ ಜ್ವರ ಏರಿದ್ದಾಗ, ಅಯೋವಾದ ಗವರ್ನರ್ ವಿಲಿಯಂ ಹಾರ್ಡಿಂಗ್ ಒಂದು ಘೋಷಣೆ ಹೊರಡಿಸಿದರು. ಶಾಲೆಯಲ್ಲಿ, ಚರ್ಚಿನಲ್ಲಿ, ರೈಲಿನಲ್ಲಿ, ಟೆಲಿಫೋನಿನಲ್ಲಿ, ಸಾರ್ವಜನಿಕವಾಗಿ ಎಲ್ಲೇ ಆಗಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಕೂಡದು. ಗುರಿ ಜರ್ಮನ್ನರು. ಆದರೆ ನಾರ್ವೇಜಿಯನ್ನರ, ಡೇನರ, ಚೆಕ್ಕರ ಬಾಯಿಯೂ ಮುಚ್ಚಿತು. ಸ್ಕಾಟ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ) ಫೋನಿನಲ್ಲಿ ಜರ್ಮನ್ ಮಾತಾಡಿಕೊಂಡ ಹೆಂಗಸರಿಗೆ ದಂಡ ಬಿತ್ತು. ಅಜ್ಜಿಯಂದಿರಿಗೆ ಬರುತ್ತಿದ್ದ ಪ್ರಾರ್ಥನೆ ಒಂದೇ ಭಾಷೆಯದು, ಅದನ್ನು ಚರ್ಚಿನಲ್ಲಿ ಹೇಳುವಂತಿಲ್ಲ! ಯುದ್ಧ ಮುಗಿದ ಮೇಲೆ, ಡಿಸೆಂಬರಿನಲ್ಲಿ, ಘೋಷಣೆ ಹಿಂದಕ್ಕೆ ಹೋಯಿತು. ಭಾಷೆ ಹಿಂದಕ್ಕೆ ಬರಲಿಲ್ಲ. ಜರ್ಮನ್ ಪತ್ರಿಕೆಗಳು, ಜರ್ಮನ್ ಪಾಠಗಳು ಒಂದೊಂದಾಗಿ ನಿಂತವು. ಇವತ್ತು ನನ್ನ ಸಹೋದ್ಯೋಗಿಗಳ ಹೆಸರಿನಲ್ಲಿ ಜರ್ಮನ್ ಇದೆ, ಬಾಯಲ್ಲಿ ಒಂದು ಶಬ್ದವೂ ಇಲ್ಲ. ಬಿಳಿಯರು ಎಂಬ ಒಂದು ಕಾಲಂ ತುಂಬಿಕೊಳ್ಳಲು ಎಷ್ಟು ಮನೆಮಾತುಗಳು ಸತ್ತವು ಎಂಬ ಲೆಕ್ಕ ನನಗೆ ಯಾವಾಗಲೂ ಕಾಡುತ್ತದೆ.

ಅದಕ್ಕೂ ಹಿಂದೆ? ಪೋಸ್ಟ್‌ವಿಲ್ ಇರುವ ಕೌಂಟಿಯ ಕೇಂದ್ರ ವಾಕಾನ್. ಪಕ್ಕದ ಕೌಂಟಿಯ ಹೆಸರು ವಿನಿಶೀಕ್, ಅದರ ಕೇಂದ್ರ ಡೆಕೋರಾ. ಮೂರೂ ಹೋ-ಚಂಕ್ ಎಂಬ ಮೂಲನಿವಾಸಿಗಳ ನಾಯಕರ ಹೆಸರುಗಳು. ಡೆಕೋರಾದಲ್ಲಿ ಈಗ ನಾರ್ವೇಜಿಯನ್ ವಲಸಿಗರ ದೊಡ್ಡ ಮ್ಯೂಸಿಯಂ ಇದೆ. ಹೋ-ಚಂಕ್ ಜನರನ್ನು ವಿಸ್ಕಾನ್ಸಿನ್‌ನಿಂದ ಓಡಿಸಿ ಇಲ್ಲಿ ತಂದು ಕೂರಿಸಿ, ಅವರನ್ನು ಕಾಯಲು 1840ರಲ್ಲಿ ಫೋರ್ಟ್ ಅಟ್ಕಿನ್ಸನ್ ಕೋಟೆ ಕಟ್ಟಿದರು. ಆ ಕೋಟೆಗೆ ಹೋಗುವ ಮಿಲಿಟರಿ ದಾರಿಯ ನಡುವೆ ಜೋಯಲ್ ಪೋಸ್ಟ್ ಎಂಬಾತ ತಂಗುಮನೆಯೊಂದನ್ನು ಹಾಕಿದ. ಅದೇ ಪೋಸ್ಟ್‌ವಿಲ್. 1848ರಲ್ಲಿ ಹೋ-ಚಂಕ್ ಜನರನ್ನು ಇಲ್ಲಿಂದಲೂ ಎಬ್ಬಿಸಿ ಮಿನ್ನೆಸೋಟಕ್ಕೆ ಅಟ್ಟಿದರು. ಅಂದರೆ ಊರು ಹುಟ್ಟಿದ್ದೇ ಒಂದು ಜನವನ್ನು ಹಿಡಿದಿಡುವ ದಾರಿಯಲ್ಲಿ.

ಈಗ ಆ ನಲವತ್ತಾರಕ್ಕೆ ಬರುತ್ತೇನೆ.

ಕಸಾಯಿಖಾನೆಯ ಕೆಲಸ ಹೇಗಿರುತ್ತದೆಂದು ನಾವು ಸಸ್ಯಾಹಾರಿಗಳು ಯೋಚಿಸುವುದು ಕಡಿಮೆ. ಶೀತಲ ಕೋಣೆ, ಜಾರುವ ನೆಲ, ಒಂದೇ ಕೊಯ್ತವನ್ನು ದಿನಕ್ಕೆ ಸಾವಿರಾರು ಸಲ ಕೊಯ್ಯುವ ಕೈ. ಊರಿನ ಹುಡುಗರು ಆ ಸಂಬಳಕ್ಕೆ ನಿಲ್ಲಲಿಲ್ಲ. ಮೊದಲು ರಷ್ಯಾ, ಉಕ್ರೇನ್ ಕಡೆಯವರು ಬಂದರು. ಆಮೇಲೆ ಮೆಕ್ಸಿಕೋದವರು. ಕೊನೆಗೆ ಗ್ವಾಟೆಮಾಲದವರು, ಅವರಲ್ಲೂ ಚಿಮಾಲ್ತೆನಾಂಗೊ ಸೀಮೆಯ ಬೆಟ್ಟದ ಹಳ್ಳಿಗಳಿಂದ. ಸಾನ್ ಹೊಸೆ ಕಾಲ್ದೆರಾಸ್ ಎಂಬ ಹಳ್ಳಿಯಲ್ಲಿ ಪೋಸ್ಟ್‌ವಿಲ್ ಎಂದರೆ ಮನೆಮನೆಗೂ ಗೊತ್ತಿರುವ ಹೆಸರು. ನಮ್ಮ ಕರಾವಳಿಯ ಹಳ್ಳಿಗಳಿಗೆ ಬೊಂಬಾಯಿಯ ಹೋಟೆಲ್ಲು ಗೊತ್ತಿದ್ದ ಹಾಗೆ. ಅಣ್ಣ ಹೋದ, ತಮ್ಮನನ್ನು ಕರೆಸಿಕೊಂಡ, ತಮ್ಮ ಹೆಂಡತಿಯ ಕಡೆಯವರನ್ನು. ಇವರಲ್ಲಿ ಬಹಳ ಮಂದಿ ಮಾಯಾ ಮೂಲದವರು, ಕಾಕ್ಚಿಕೆಲ್ ಜನ. ಕೆಲವರಿಗೆ ಸ್ಪ್ಯಾನಿಷ್ ಕೂಡ ಎರಡನೇ ಭಾಷೆ. ಗಣತಿಯವರು ಇವರನ್ನು ಹಿಸ್ಪ್ಯಾನಿಕ್ ಎನ್ನುತ್ತಾರೆ. 2020ರ ಗಣತಿಯವರೆಗೂ ಅದು ಜನಾಂಗವಲ್ಲ, ಬೇರೆಯೇ ಒಂದು ಪ್ರಶ್ನೆ. ಜನಾಂಗದ ಪ್ರಶ್ನೆಗೆ ಬಂದಾಗ ಇವರಂಥ ಎಷ್ಟೋ ಮಂದಿ "ಇತರೆ" ಎಂದು ಗುರುತು ಹಾಕುತ್ತಾರೆ. ಅಮೆರಿಕ ಎಂಬ ಹೆಸರು ಹುಟ್ಟುವುದಕ್ಕೂ ಮೊದಲು ಈ ಖಂಡದಲ್ಲಿ ಬೆಳೆ ತೆಗೆದವರು, ಅಮೆರಿಕದ ಪಟ್ಟಿಯಲ್ಲಿ ಇತರೆ.

2008ರ ಮೇ 12, ಸೋಮವಾರ. ಬೆಳಿಗ್ಗೆ ಹತ್ತರ ಹೊತ್ತಿಗೆ ಹೆಲಿಕಾಪ್ಟರುಗಳು ಊರಿನ ಮೇಲೆ ಸುತ್ತಿದವು. ವಲಸೆ ಇಲಾಖೆಯ ನೂರಾರು ಸಿಬ್ಬಂದಿ ಕಾರ್ಖಾನೆಯನ್ನು ಸುತ್ತುವರಿದರು. ಸರಿಯಾದ ಕಾಗದಪತ್ರವಿಲ್ಲದೆ ಕೆಲಸ ಮಾಡುತ್ತಿದ್ದಾರೆಂದು 389 ಮಂದಿಯನ್ನು ಹಿಡಿದರು. 290 ಗ್ವಾಟೆಮಾಲದವರು, 93 ಮೆಕ್ಸಿಕೋದವರು, ನಾಲ್ವರು ಉಕ್ರೇನಿನವರು, ಇಬ್ಬರು ಇಸ್ರೇಲಿನವರು. ಊರಿನ ಜನಸಂಖ್ಯೆಗೆ ಹೋಲಿಸಿದರೆ ಆರಕ್ಕೆ ಒಬ್ಬರು. ಮರುದಿನ ಶಾಲೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಕ್ಕಳಿಲ್ಲ. ತಪ್ಪಿಸಿಕೊಂಡವರು, ಮನೆಯಲ್ಲಿದ್ದ ಹೆಂಗಸರು, ಮಕ್ಕಳು ಸೇಂಟ್ ಬ್ರಿಜೆಟ್ಸ್ ಕ್ಯಾಥೊಲಿಕ್ ಚರ್ಚಿನೊಳಗೆ ಸೇರಿಕೊಂಡು, ರಾತ್ರಿ ಬೆಂಚುಗಳ ಮೇಲೇ ಮಲಗಿದರು.

ಹಿಡಿದವರನ್ನು ಒಯ್ದದ್ದು ನೂರು ಕಿಲೋಮೀಟರಿಗೂ ಆಚೆಯ ವಾಟರ್ಲೂಗೆ. ಅಲ್ಲಿ ಇಟ್ಟದ್ದು ನ್ಯಾಷನಲ್ ಕ್ಯಾಟಲ್ ಕಾಂಗ್ರೆಸ್ ಎಂಬ ಜಾತ್ರೆಯ ಮೈದಾನದಲ್ಲಿ. ವರ್ಷವರ್ಷ ದನಗಳ ಪ್ರದರ್ಶನ ನಡೆಯುವ ಜಾಗ. ಡ್ಯಾನ್ಸ್ ಹಾಲನ್ನೇ ಕೋರ್ಟು ಮಾಡಿದ್ದರು. ಕೈ, ಸೊಂಟ, ಕಾಲಿಗೆ ಸರಪಳಿ ಹಾಕಿ ಹತ್ತು ಹತ್ತು ಮಂದಿಯನ್ನು ಸಾಲಾಗಿ ತಂದು ನಿಲ್ಲಿಸುತ್ತಿದ್ದರು. ಬರಿಯ ಗಡೀಪಾರಿನ ಮೊಕದ್ದಮೆ ಆಗಿದ್ದರೆ ಒಂದು ಮಾತು. ಹಾಕಿದ್ದು ಇನ್ನೊಬ್ಬರ ಗುರುತು ಕದ್ದ ಆರೋಪ, ಕನಿಷ್ಠ ಎರಡು ವರ್ಷ ಜೈಲು. ಒಪ್ಪಿಕೊಂಡರೆ ಐದು ತಿಂಗಳು, ಆಮೇಲೆ ಗಡೀಪಾರು. ಯೋಚಿಸಲು ಏಳು ದಿನ. ಕೆಲಸಕ್ಕೆ ಸೇರುವಾಗ ಕೊಡಬೇಕಾದ, ಸರ್ಕಾರ ಕೊಡುವ ಗುರುತಿನ ಸಂಖ್ಯೆಯಾದ ಸೋಷಿಯಲ್ ಸೆಕ್ಯುರಿಟಿ ನಂಬರು ಎಂದರೆ ಏನೆಂದೇ ಅವರಲ್ಲಿ ಎಷ್ಟೋ ಮಂದಿಗೆ ತಿಳಿದಿರಲಿಲ್ಲ ಎಂದು, ಅಲ್ಲಿ ದುಭಾಷಿಯಾಗಿ ಕೆಲಸ ಮಾಡಿದ ಫ್ಲಾರಿಡಾದ ಪ್ರಾಧ್ಯಾಪಕರೊಬ್ಬರು ಆಮೇಲೆ ಬರೆದರು. ದುಭಾಷಿಗಳು ಬಾಯಿ ಬಿಡುವುದು ಅಪರೂಪ. ಅವರು ಸಂಸತ್ತಿನ ಸಮಿತಿಯ ಮುಂದೆಯೂ ಹೋಗಿ ಹೇಳಿದರು. ಸುಮಾರು 270 ಮಂದಿಗೆ ಐದು ತಿಂಗಳ ಶಿಕ್ಷೆಯಾಯಿತು. ಮರುವರ್ಷ, 2009ರ ಮೇ 4ರಂದು, ಬೇರೊಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ತೀರ್ಪು ಕೊಟ್ಟಿತು: ಆ ನಂಬರು ಇನ್ನೊಬ್ಬ ನಿಜವಾದ ಮನುಷ್ಯನದು ಎಂದು ಆರೋಪಿಗೆ ಗೊತ್ತಿತ್ತೆಂದು ಸಾಬೀತು ಮಾಡದೆ ಈ ಕಲಂ ಹಾಕುವಂತಿಲ್ಲ. ಅಷ್ಟರಲ್ಲಿ ಪೋಸ್ಟ್‌ವಿಲ್‌ನವರು ಜೈಲು ಮುಗಿಸಿ ಗ್ವಾಟೆಮಾಲ ಸೇರಿಯಾಗಿತ್ತು.

ಚಿಕ್ಕ ಮಕ್ಕಳಿದ್ದ ಕೆಲವು ತಾಯಂದಿರನ್ನು ಮಾತ್ರ ಬಿಟ್ಟಿದ್ದರು. ಕಾಲಿಗೆ, ಮೀನಖಂಡದ ಕೆಳಗೆ, ಎಲ್ಲಿದ್ದಾರೆಂದು ತೋರಿಸುವ ಕರಿಯ ಡಬ್ಬಿಯೊಂದನ್ನು ಕಟ್ಟಿ. ಊರು ಬಿಟ್ಟು ಹೋಗುವಂತಿಲ್ಲ, ಕೆಲಸ ಮಾಡುವಂತಿಲ್ಲ. ಅಕ್ಕಿ, ಬಾಡಿಗೆ ಎಲ್ಲ ಚರ್ಚಿನಿಂದ. ಅದಕ್ಕೆ ದುಡ್ಡು ಕೂಡಿಸಿದವರಲ್ಲಿ ಲೂಥರನ್ನರಿದ್ದರು, ದೂರದ ಊರುಗಳ ಯಹೂದಿಗಳಿದ್ದರು.

ಕಾರ್ಖಾನೆಗೆ ಕೈಗಳು ಬೇಕಲ್ಲ? ಮಿನ್ನೆಸೋಟದಿಂದ ಸೊಮಾಲಿಗಳು ಬಂದರು. ಪೆಸಿಫಿಕ್ ಸಾಗರದ ನಡುವಿನ ಪಲಾವ್ ಎಂಬ ದ್ವೀಪ ದೇಶದವರನ್ನು ವಿಮಾನ ಹತ್ತಿಸಿ ಕರೆತಂದರು. ಅಮೆರಿಕದ ಜೊತೆಗಿನ ಒಪ್ಪಂದದಿಂದಾಗಿ ಅವರಿಗೆ ವೀಸಾ ಬೇಡ. ಅಯೋವಾದ ಮೊದಲ ಚಳಿಗಾಲ ಅವರಿಗೆ ಹೇಗಿತ್ತೋ. ಆ ನವೆಂಬರಿನಲ್ಲೇ ಕಂಪನಿ ದಿವಾಳಿ ಅರ್ಜಿ ಹಾಕಿತು. ಅದನ್ನು ನಡೆಸುತ್ತಿದ್ದ ಮಗ ಶೋಲೋಮ್ ರುಬಾಷ್ಕಿನ್‌ಗೆ ಬ್ಯಾಂಕಿಗೆ ಮಾಡಿದ ವಂಚನೆಗಾಗಿ 2010ರಲ್ಲಿ 27 ವರ್ಷ ಜೈಲಾಯಿತು. 2017ರ ಡಿಸೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ಆ ಶಿಕ್ಷೆಯನ್ನು ಅಲ್ಲಿಗೆ ಮೊಟಕುಗೊಳಿಸಿದರು. ಕೆನಡಾದ ಉದ್ಯಮಿಯೊಬ್ಬರು ಕಾರ್ಖಾನೆ ಕೊಂಡು ಅಗ್ರಿ ಸ್ಟಾರ್ ಎಂದು ಹೆಸರಿಟ್ಟರು. ಕೆಲಸ ಶುರುವಾಯಿತು, ಜನ ಬಂದರು, ಮನೆಗಳು ತುಂಬಿದವು. ಗಣತಿಯವರು ಬಾಗಿಲು ಬಡಿದರು. 2,227.

ಹೀಗೆ ಆ ನಲವತ್ತಾರು. ಒಂದು ಊರಿನ ಜನರನ್ನು ಎತ್ತಿಕೊಂಡು ಹೋಗಿ, ಆ ಜಾಗದಲ್ಲಿ ಬೇರೆ ಜನರನ್ನು ತಂದಿಟ್ಟರೆ ಅಂಕಿಯಲ್ಲಿ ಉಳಿಯುವ ವ್ಯತ್ಯಾಸ ಅಷ್ಟು. 2020ರ ಗಣತಿಯಲ್ಲಿ 2,503. ಊರು ಬೆಳೆದಿದೆ. ಊರ ಬಾಗಿಲಲ್ಲಿ "ಜಗತ್ತಿಗೇ ತವರೂರು" ಎಂಬ ಅರ್ಥದ ಬೋರ್ಡಿದೆ. ಆ ಬೋರ್ಡಿನ ಮೇಲೆ ನನಗೆ ಪ್ರೀತಿ ಇದೆ. ಅಷ್ಟೆಲ್ಲ ಆದಮೇಲೂ ಅದನ್ನು ಕಿತ್ತುಹಾಕಲಿಲ್ಲವಲ್ಲ ಆ ಊರಿನವರು.

ಸೊಮಾಲಿಗಳ ಬಗ್ಗೆ ಒಂದು ಮಾತು ಹೇಳಿ ನಮ್ಮ ವಿಷಯಕ್ಕೆ ಬರುತ್ತೇನೆ. ಅವರು ಕರಿಯರು ಎಂಬ ಕಾಲಂಗೆ ಸೇರುತ್ತಾರೆ. ಗುಲಾಮರಾಗಿ ತರಲ್ಪಟ್ಟು, ನಾನೂರು ವರ್ಷ ಈ ನೆಲದಲ್ಲಿ ಬೆವರು ಹರಿಸಿದವರೂ, ಅಂತರ್ಯುದ್ಧಕ್ಕೆ ಹೆದರಿ ಕೀನ್ಯಾದ ನಿರಾಶ್ರಿತ ಶಿಬಿರಗಳಿಂದ ಬಂದವರೂ ಒಂದೇ ಚೌಕದಲ್ಲಿ. ನಮ್ಮೂರು ಸೀಡರ್ ರ‍್ಯಾಪಿಡ್ಸ್‌ನಲ್ಲಿ 1934ರಲ್ಲಿ ಕಟ್ಟಿದ ಮಸೀದಿಯೊಂದಿದೆ, ಅಮೆರಿಕದಲ್ಲಿ ಮಸೀದಿಯೆಂದೇ ಕಟ್ಟಿ ಇವತ್ತಿಗೂ ನಿಂತಿರುವವುಗಳಲ್ಲಿ ಅದೇ ಅತಿ ಹಳೆಯದು. ಅದನ್ನು ಕಟ್ಟಿದ ಲೆಬನಾನ್, ಸಿರಿಯಾ ಮೂಲದವರು ಪಟ್ಟಿಯಲ್ಲಿ ಬಿಳಿಯರು. 2024ರಲ್ಲಿ ಸರ್ಕಾರ ನಿಯಮ ಬದಲಿಸಿ ಮಧ್ಯಪ್ರಾಚ್ಯದವರಿಗೆ ಬೇರೆ ಚೌಕ ಕೊಡುವುದಾಗಿ ಹೇಳಿದೆ. ಅಷ್ಟಕ್ಕೇ ತೊಂಬತ್ತು ವರ್ಷ ಹಿಡಿಯಿತು.

ನಮ್ಮದೇನು? 1923ರಲ್ಲಿ ಸುಪ್ರೀಂ ಕೋರ್ಟು ಭಗತ್ ಸಿಂಗ್ ತಿಂಡ್ ಎಂಬ ಪಂಜಾಬಿ ಸಿಖ್ಖನಿಗೆ, ನೀನು ಬಿಳಿಯನಲ್ಲ, ನಿನಗೆ ಪೌರತ್ವವಿಲ್ಲ ಎಂದಿತು. ತಿಂಡ್ ಅಮೆರಿಕದ ಸೈನ್ಯದಲ್ಲಿ ದುಡಿದವರು. ಅವರು ಕೋರ್ಟಿನಲ್ಲಿ ಮಂಡಿಸಿದ ವಾದದಲ್ಲಿ ತಾನು ಮೇಲ್ಜಾತಿಯ ಆರ್ಯ ಎಂಬುದೂ ಇತ್ತು. ಓದಿ ನನಗೆ ನಾಚಿಕೆಯೂ ಸಂಕಟವೂ ಒಟ್ಟಿಗೆ ಆದವು. 1930ರ, 1940ರ ಗಣತಿಯಲ್ಲಿ ಭಾರತದಿಂದ ಬಂದವರೆಲ್ಲರ ಜನಾಂಗ "ಹಿಂದೂ", ಸಿಖ್ಖರಾಗಲಿ ಮುಸ್ಲಿಮರಾಗಲಿ. 1970ರಲ್ಲಿ ನಮ್ಮನ್ನು ಬಿಳಿಯರೆಂದು ಎಣಿಸಿದರು. 1980ರಲ್ಲಿ "ಏಷ್ಯನ್ ಇಂಡಿಯನ್" ಎಂಬ ಚೌಕ ಬಂತು. ಚರ್ಮ ಅದೇ, ಐವತ್ತು ವರ್ಷದಲ್ಲಿ ಮೂರು ಜನಾಂಗ.

ಎರಡು ವರ್ಷದ ಹಿಂದೆ ನಮ್ಮ ಮನೆಗೆ ಅಮೆರಿಕನ್ ಕಮ್ಯುನಿಟಿ ಸರ್ವೆಯ ಫಾರಂ ಬಂತು. ಗಣತಿಯ ಇಲಾಖೆಯೇ ಪ್ರತಿವರ್ಷ ಒಂದಿಷ್ಟು ಮನೆಗಳನ್ನು ಆರಿಸಿ ಕಳಿಸುತ್ತದೆ. ಅದರಲ್ಲಿ, ಹತ್ತು ವರ್ಷಕ್ಕೊಮ್ಮೆಯ ಫಾರಂನಲ್ಲಿ ಇಲ್ಲದ ಪ್ರಶ್ನೆ ಇತ್ತು: ಮನೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡುತ್ತೀರಾ, ಯಾವುದು? ಕೆಳಗೆ ಖಾಲಿ ಜಾಗ. ನಾನು ಒಂದೊಂದೇ ಅಕ್ಷರ ಬಿಡಿಸಿ ಕನ್ನಡ ಎಂದು ಬರೆದೆ. ಪಕ್ಕದಲ್ಲಿ ನಿಂತಿದ್ದ ಮಗ, ಇಂಗ್ಲಿಷ್ ಶಾಲೆಗೆ ಹೋದಮೇಲೆ ನನಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಮಗ, ತನ್ನ ಹೆಸರಿನ ಮುಂದೆಯೂ ಹಾಗೇ ಬರೆಯಲು ಹೇಳಿದ. ಬರೆದೆ.

ಆಮೇಲೆ ಕುತೂಹಲಕ್ಕೆ ಆ ಸರ್ವೆಯ ಭಾಷೆಗಳ ಪಟ್ಟಿ ತೆಗೆದು ನೋಡಿದೆ. ತೆಲುಗಿಗೆ ಒಂದು ಸಾಲಿದೆ, ತಮಿಳಿಗೆ ಒಂದು ಸಾಲಿದೆ. ನಮ್ಮದು "ಮಲಯಾಳಂ, ಕನ್ನಡ ಅಥವಾ ಇತರ ದ್ರಾವಿಡ ಭಾಷೆಗಳು" ಎಂಬ ಸಾಲಿನಲ್ಲಿದೆ. ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಬೇಜಾರಿನಲ್ಲೇ ನಮ್ಮ ದೇಶದ ಪಟ್ಟಿಯನ್ನೂ ತೆಗೆದೆ. 2011ರಲ್ಲಿ ಜನ ತಮ್ಮ ಮಾತೃಭಾಷೆ ಎಂದು ಹೇಳಿದ ಹೆಸರುಗಳು 19,569. ಅವನ್ನು ಸೋಸಿ ಸೋಸಿ 1,369 ಮಾಡಿ, ಕೊನೆಗೆ 121 ಭಾಷೆಗಳ ಕೆಳಗೆ ಸೇರಿಸಿದ್ದಾರೆ. ಕನ್ನಡ ಎಂಬ ಸಾಲಿನ ಅಡಿಯಲ್ಲಿ ನೀಲಗಿರಿಯ ಬಡಗರ ಭಾಷೆ ಇದೆ. ಬಡಗರನ್ನು ಕೇಳಿದರೆ ಅದು ಬೇರೆ ಭಾಷೆ ಎನ್ನುತ್ತಾರೆ. ನಾವೂ ಇನ್ನೊಬ್ಬರ ಮೇಲೆ ಕೂತಿದ್ದೇವೆ, ಇಷ್ಟು ದಿನ ಗೊತ್ತೇ ಇರಲಿಲ್ಲ.

ಅಮ್ಮ ಈಗ ಊರಿನಲ್ಲಿದ್ದಾಳೆ. ಭಾನುವಾರದ ಫೋನಿನಲ್ಲಿ ಮಳೆ, ಅಡಿಕೆಯ ರೇಟು, ಕೊಳೆರೋಗ ಎಲ್ಲ ಮುಗಿದ ಮೇಲೆ ಒಮ್ಮೊಮ್ಮೆ ಪೋಸ್ಟ್‌ವಿಲ್ ಬರುತ್ತದೆ. ಆ ಹೆಸರು ಅವಳಿಗೆ ನಾಲಿಗೆಗೆ ಹತ್ತುವುದಿಲ್ಲ, "ಆ ಟೋಪಿಯವರ ಊರು" ಅನ್ನುತ್ತಾಳೆ. ಹೋದ ವಾರ ಕೇಳಿದಳು, "ಕಾಲಿಗೆ ಡಬ್ಬಿ ಕಟ್ಟಿದ್ದರು ಅಂದೆಯಲ್ಲ, ಆ ಹೆಂಗಸರು ಏನಾದರೇ?"

ಹೇಳಿದೆ. ಕೆಲವು ಬಗೆಯ ಅಪರಾಧಕ್ಕೆ ಬಲಿಯಾಗಿ, ಅದರ ತನಿಖೆಗೆ ನೆರವಾದವರಿಗೆ ಕೊಡುವ ಯು ವೀಸಾ ಎಂಬುದಿದೆ, ವಕೀಲರು ಹಿಡಿದು ಓಡಾಡಿ ಅದರಲ್ಲಿ ಕೆಲವರಿಗೆ ಸಿಕ್ಕಿತು, ಅವರು ಉಳಿದರು. ಹೋದವರಲ್ಲೂ ಕೆಲವರು ಅದೇ ದಾರಿಯಿಂದ ವಾಪಸು ಬಂದರು. ಅವರ ಮಕ್ಕಳು ಅಲ್ಲಿಯ ಹೈಸ್ಕೂಲಿನಲ್ಲೇ ಓದಿದರು. ಉಳಿದವರು ಹೋದರು.

"ಅವತ್ತು ಅಂಗಡಿಯಲ್ಲಿ ಇದ್ದಳಲ್ಲ, ನಮ್ಮವರ ಹಾಗೆ ಕಾಣ್ತಿದ್ದವಳು, ಅವಳು ಉಳಿದವಳೋ, ವಾಪಸು ಬಂದವಳೋ?"

ನಾನು ಕೇಳಿರಲಿಲ್ಲ. ಅವಳಿಂದ ಎರಡು ಬಾಳೆಹಣ್ಣು ಕೊಂಡು, ದುಡ್ಡು ಕೊಟ್ಟು, ಚಿಲ್ಲರೆ ತೆಗೆದುಕೊಂಡು ಬಂದಿದ್ದೆ.